ಹಿಂಡಿಯೊಳಗಿನ ವಿಷ

ನಮ್ಮ ಅಗಳಿ, ಮಡಕಶಿರಾ ಕಡೆ ಮಳೆ ನಂಬಿದ ಹೊಲಗಳಿಗೆ ಕಡಲೆಕಾಯಿ ಹಳೆಯ ಬೆಳೆ. ಎಣ್ಣೆ ತೆಗೆದು ಉಳಿದ ಹಿಂಡಿ ದನಕ್ಕೂ ಆಯಿತು, ಕೋಳಿಗೂ ಆಯಿತು. ಓದುಗರೇ, ಆ ಹಿಂಡಿಗೂ ಒಂದು ಚರಿತ್ರೆಯಿದೆ.

1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವು. ಕಾರಣ ತಿಳಿಯದೆ ಅದನ್ನು ‘ಎಕ್ಸ್’ ರೋಗವೆಂದರು. ಹುಡುಕುತ್ತ ಹೋದಾಗ ಸಿಕ್ಕಿದ್ದು ಬ್ರೆಜಿಲಿನಿಂದ ತರಿಸಿದ ಕಡಲೆಕಾಯಿ ಹಿಂಡಿ! ಅದರಲ್ಲಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿನ ವಿಷಕ್ಕೆ ‘ಅಫ್ಲಾಟಾಕ್ಸಿನ್’ ಎಂಬ ಹೆಸರು ಬಂತು. ಅದು ಕೆಡಿಸುವುದು ಯಕೃತ್ತನ್ನು. ದೂರದ ಮಾತೆನ್ನಬೇಡಿ: 1966ರಲ್ಲಿ ಮೈಸೂರು ರಾಜ್ಯದಲ್ಲೂ ಇಂಥ ಹಿಂಡಿ ತಿಂದು ಎರಡು ಸಾವಿರಕ್ಕೂ ಹೆಚ್ಚು ಕೋಳಿಮರಿಗಳು ಸತ್ತವು.

ಕೊಯ್ಲಿಗೆ ಮುಂಚೆ ಮಳೆ ಕೈಕೊಟ್ಟರೆ ಈ ಬೂಷ್ಟು ನೆಲದೊಳಗೇ ಕಾಯಿಗೆ ಇಳಿಯುತ್ತದೆ. ಬ್ಯಾಂಕಿನಲ್ಲಿ ಬೆಳೆಸಾಲದ ಲೆಕ್ಕ ಬರೆದವನು ನಾನು. ಬರ ಬಂದರೆ ಇಳುವರಿ ನಷ್ಟವೆಂದಷ್ಟೇ ಬರೆಯುತ್ತಿದ್ದೆವು. ವಿಷಕ್ಕೆ ಕಾಲಂ ಇರಲಿಲ್ಲ.

ಎಣ್ಣೆ ಹಿಂಡಿದರೂ ವಿಷದ ಬಹುಪಾಲು ಹಿಂಡಿಯಲ್ಲೇ ನಿಲ್ಲುತ್ತದೆ. ಬೇಯಿಸಿದರೂ ಪೂರ್ತಿ ಹೋಗದು, ಬೂಷ್ಟು ಉಜ್ಜಿದರೂ ಹೋಗದು. ಕಿತ್ತ ಕಾಯನ್ನು ತೇವ ನೂರಕ್ಕೆ ಎಂಟರೊಳಗೆ ಇಳಿಯುವವರೆಗೆ ಒಣಗಿಸಿ. ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು. ಜೊಳ್ಳು, ಒಡಕು, ಬೂಷ್ಟು ಹಿಡಿದದ್ದನ್ನು ಗಾಣಕ್ಕೆ ಹಾಕುವ ಮೊದಲೇ ಆರಿಸಿ ತೆಗೆಯಿರಿ. ಹಾಗೆ ಆರಿಸಿದ್ದನ್ನು ಕೋಳಿಗಳ ಮುಂದೆ ಎರಚಬೇಡಿ.