ಮಂಡಿಚಿಪ್ಪಿಗೆ ತೊಡೆಯೇ ಕಾವಲು

ಮೆಟ್ಟಿಲು ಇಳಿಯುವಾಗ ಮಂಡಿಯ ಮುಂಭಾಗದಲ್ಲಿ ನೋವು, ಚಿಪ್ಪು ಪಕ್ಕಕ್ಕೆ ಜಾರಿದಂತಹ ಅನುಭವ, ಬಹಳ ಹೊತ್ತು ಕುಳಿತು ಎದ್ದರೆ ಬಿಗಿತ. ಇಂತಹ ತೊಂದರೆ ಕಾಣಿಸಿದ ಕೂಡಲೇ ಕಾಲಿಗೆ ವಿಶ್ರಾಂತಿ ಕೊಡುವುದು ಜನರ ರೂಢಿ. ವೈದ್ಯರೂ ಬಹುಕಾಲ ಅದನ್ನೇ ಹೇಳುತ್ತಿದ್ದರು. ದುರ್ಬಲ ಕಾಲಿಗೆ ಭಾರ ಹೊರಿಸಿಯೇ ಅದನ್ನು ಗಟ್ಟಿ ಮಾಡಬೇಕು ಎಂಬ ವಿಚಾರ ವೈದ್ಯಶಾಸ್ತ್ರದಲ್ಲಿ ಬೇರೂರಿದ್ದು ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ.

ಮಂಡಿಚಿಪ್ಪು ಒಂದೆಡೆ ಭದ್ರವಾಗಿ ಕೂತ ಮೂಳೆಯಲ್ಲ. ತೊಡೆಯ ಮುಂಭಾಗದ ನಾಲ್ಕು ಕವಲಿನ ದೊಡ್ಡ ಸ್ನಾಯುವಿನ ತುದಿಯಲ್ಲಿ ಅದು ಹುದುಗಿರುತ್ತದೆ. ಕಾಲು ಮಡಿಚಿದಂತೆ ತೊಡೆಮೂಳೆಯ ಕೆಳತುದಿಯಲ್ಲಿರುವ ಕಾಲುವೆಯಂಥ ತಗ್ಗಿನಲ್ಲಿ ಜಾರುತ್ತದೆ. ಕಾಲು ನೆಟ್ಟಗಿರುವಾಗ ಚಿಪ್ಪು ಈ ತಗ್ಗಿಗೆ ಪೂರ್ತಿ ಇಳಿದಿರುವುದಿಲ್ಲ; ಆಗ ಅದನ್ನು ಹಿಡಿದಿಡುವುದು ಅಸ್ಥಿರಜ್ಜು ಮತ್ತು ಸ್ನಾಯುಗಳೇ. ನೋವೆಂದು ಕಾಲನ್ನು ಬಳಸದೆ ಬಿಟ್ಟರೆ ತೊಡೆ ಸೊರಗುತ್ತದೆ. ತೊಡೆ ಸೊರಗಿದರೆ ಚಿಪ್ಪಿನ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ.

ಈ ಸಂಬಂಧ ಸ್ಪಷ್ಟವಾಗುವ ಮುನ್ನ ಚಿಪ್ಪನ್ನೇ ತೆಗೆದುಹಾಕುವ ಕಾಲವೂ ಇತ್ತು. 1937ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ರಾಲ್ಫ್ ಬ್ರೂಕ್, ಮುರಿದ ಚಿಪ್ಪನ್ನು ಕಿತ್ತುಹಾಕಿದರೂ ಮಂಡಿ ಚೆನ್ನಾಗಿಯೇ ಕೆಲಸ ಮಾಡುತ್ತದೆ ಎಂದು ವಾದಿಸಿದ. ಆದರೆ ಚಿಪ್ಪು ಸನ್ನೆಗೋಲಿನಂತೆ ಸ್ನಾಯುವಿನ ಬಲವನ್ನು ಹೆಚ್ಚಿಸುತ್ತದೆ, ಅದಿಲ್ಲದೆ ಕಾಲು ನೀಡಲು ಹೆಚ್ಚು ಶಕ್ತಿ ಬೇಕು ಎಂಬುದು ಮುಂದಿನ ಸಂಶೋಧನೆಗಳಿಂದ ಖಚಿತವಾಯಿತು.

ಯುದ್ಧಕಾಲದಲ್ಲಿ ಷಿಕಾಗೊದ ಗಾರ್ಡಿನರ್ ಸೈನಿಕ ಆಸ್ಪತ್ರೆ ಗಾಯಾಳುಗಳಿಂದ ತುಂಬಿತ್ತು. ಮಂಡಿಗೆ ಪೆಟ್ಟು ಬಿದ್ದ ಸೈನಿಕರು ಹಗುರ ವ್ಯಾಯಾಮ ಮಾಡುತ್ತ ತಿಂಗಳುಗಟ್ಟಲೆ ಅಲ್ಲಿರಬೇಕಾಗುತ್ತಿತ್ತು. ಅಲ್ಲಿನ ತರುಣ ವೈದ್ಯ ಥಾಮಸ್ ಡೆಲಾರ್ಮ್ ಸ್ವತಃ ಭಾರ ಎತ್ತುವ ಅಭ್ಯಾಸವಿದ್ದವನು. ರೋಗಿಯ ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿ, ಅದಕ್ಕೆ ತೂಕ ಸೇರಿಸಿ, ಮೇಜಿನ ಅಂಚಿನಲ್ಲಿ ಕೂರಿಸಿ ಕಾಲು ನೀಡಿಸಿದ. ಬಲ ಬಂದಂತೆ ತೂಕ ಏರಿಸಿದ. 1945ರಲ್ಲಿ ಅವನ ಲೇಖನ ಪ್ರಕಟವಾಯಿತು. 1948ರಲ್ಲಿ ಆರ್ಥರ್ ವಾಟ್ಕಿನ್ಸ್ ಜೊತೆಗೂಡಿ ಕ್ರಮವನ್ನು ಸರಳಗೊಳಿಸಿದ: ಹತ್ತು ಸಲ ಮಾತ್ರ ಎತ್ತಬಲ್ಲ ತೂಕದ ಅರ್ಧದಿಂದ ಹತ್ತು ಸಲ, ಮುಕ್ಕಾಲಿನಿಂದ ಹತ್ತು ಸಲ, ಪೂರ್ತಿಯಿಂದ ಹತ್ತು ಸಲ. ಇಂದಿನ ವ್ಯಾಯಾಮಶಾಲೆಗಳ 'ಮೂರು ಸುತ್ತು, ಹತ್ತು ಸಲ' ಎಂಬ ಲೆಕ್ಕದ ಮೂಲ ಇದೇ.

ಚಿಪ್ಪನ್ನು ನೇರ ದಾರಿಯಲ್ಲಿ ಇಡುವವರು ಯಾರು ಎಂಬ ಪ್ರಶ್ನೆಗೆ 1968ರಲ್ಲಿ ಫ್ರಾನ್ಸಿಸ್ ಲೀಬ್ ಮತ್ತು ಜಾಕ್ವೆಲಿನ್ ಪೆರ್ರಿ ಉತ್ತರ ಹುಡುಕಿದರು. ಕತ್ತರಿಸಿ ತೆಗೆದ ಕಾಲುಗಳನ್ನು ಪರೀಕ್ಷಿಸಿದಾಗ, ತೊಡೆಯ ಒಳಬದಿಯ ಓರೆ ಸ್ನಾಯು ತಾನೊಂದೇ ಕಾಲನ್ನು ನೀಡಲಾರದು, ಚಿಪ್ಪು ಹೊರಕ್ಕೆ ಸರಿಯದಂತೆ ತಡೆಯುವುದೇ ಅದರ ವಿಶೇಷ ಕೆಲಸ ಎಂದು ಕಂಡಿತು. 1986ರಲ್ಲಿ ಆಸ್ಟ್ರೇಲಿಯದ ಫಿಸಿಯೋಥೆರಪಿಸ್ಟ್ ಜೆನ್ನಿ ಮೆಕಾನೆಲ್, ಚಿಪ್ಪನ್ನು ಅಂಟುಪಟ್ಟಿಯಿಂದ ಒಳಕ್ಕೆಳೆದು ಈ ಸ್ನಾಯುವನ್ನು ಪಳಗಿಸುವ ವಿಧಾನ ಪ್ರಕಟಿಸಿದರು. ಅದೊಂದನ್ನೇ ಪ್ರತ್ಯೇಕವಾಗಿ ಬೆಳೆಸುವುದು ಕಷ್ಟ, ಇಡೀ ತೊಡೆಯನ್ನು ಬಲಪಡಿಸಿದರೂ ಗುಣ ಕಾಣುತ್ತದೆ ಎಂಬುದು ಆಮೇಲೆ ತಿಳಿಯಿತು.

ಇನ್ನೊಂದು ತಿರುವು 2003ರ ಸುಮಾರಿಗೆ ಬಂತು. ಕಾಲೂರಿ ಮಂಡಿ ಬಗ್ಗಿಸುವಾಗ ಕೆಲವರಲ್ಲಿ ಚಿಪ್ಪು ಹೊರಕ್ಕೆ ಸರಿಯುವುದಕ್ಕಿಂತ ಅದರಡಿಯ ತೊಡೆಮೂಳೆಯೇ ಒಳಕ್ಕೆ ತಿರುಗುತ್ತದೆ ಎಂದು ಅಮೆರಿಕದ ಕ್ರಿಸ್ಟೋಫರ್ ಪವರ್ಸ್ ಮತ್ತು ಸಂಗಡಿಗರು ತೋರಿಸಿದರು. ಆ ಮೂಳೆಯನ್ನು ಹತೋಟಿಯಲ್ಲಿಡುವುದು ಸೊಂಟ ಮತ್ತು ಪೃಷ್ಠದ ಸ್ನಾಯುಗಳು. ಹೀಗಾಗಿ ಚಿಪ್ಪಿನ ನೋವಿಗೆ ತೊಡೆ ಮತ್ತು ಸೊಂಟ ಎರಡಕ್ಕೂ ವ್ಯಾಯಾಮ ಕೊಡುವುದು ಈಗಿನ ಪದ್ಧತಿ.

ಹಾಗೆಂದು ನೋವು ಸಹಿಸಿಕೊಂಡು ಬಸ್ಕಿ ಹೊಡೆಯಬೇಕೆಂದಲ್ಲ. ಪೂರ್ತಿ ಕುಕ್ಕರುಗಾಲಿನಲ್ಲಿ ಕೂತಾಗ ಚಿಪ್ಪಿನ ಮೇಲೆ ಒತ್ತಡ ಬಹಳ. ಕಾಲನ್ನು ನೆಟ್ಟಗಿಟ್ಟು ಮೇಲೆತ್ತುವುದು, ತುಸುವೇ ಬಗ್ಗಿ ಏಳುವುದು, ಮಗ್ಗುಲಾಗಿ ಮಲಗಿ ಕಾಲೆತ್ತುವುದು ಮೊದಲ ಮೆಟ್ಟಿಲುಗಳು. ಮಂಡಿ ಊದಿದ್ದರೆ, ಸಿಕ್ಕಿಹಾಕಿಕೊಂಡರೆ ಅಥವಾ ಚಿಪ್ಪು ನಿಜವಾಗಿಯೇ ಜಾರಿದ್ದರೆ ಮೊದಲು ವೈದ್ಯರ ಪರೀಕ್ಷೆ ಬೇಕು. ಪದೇ ಪದೇ ಜಾರುವ ಚಿಪ್ಪಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಉಳಿದ ಬಹುಪಾಲು ನೋವಿಗೆ ಡೆಲಾರ್ಮ್ ಕಂಡುಕೊಂಡ ಸೂತ್ರ ಇಂದಿಗೂ ಸಲ್ಲುತ್ತದೆ: ತಾಳುವಷ್ಟು ಭಾರದಿಂದ ಆರಂಭಿಸಿ, ಬಲ ಬಂದಂತೆ ಏರಿಸಬೇಕು. ಫಲ ಕಾಣಲು ವಾರಗಳೇ ಹಿಡಿಯುತ್ತವೆ.