ಡಗ್ಲಸ್ ಭಾಷಣ: ಒಂದು ತಾರೀಖು, ಒಂದು ಸರ್ವನಾಮ

ಗುಲಾಮಗಿರಿಯಿಂದ ಬಿಡಿಸಿಕೊಂಡು ಅದರ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ಅಮೆರಿಕದ ಸ್ವಾತಂತ್ರ್ಯೋತ್ಸವ ಕುರಿತು ಮಾಡಿದ ಭಾಷಣ ಜುಲೈ 4ರ ಭಾಷಣವೆಂದೇ ಪ್ರಸಿದ್ಧ. ಅದು ನಡೆದದ್ದು 1852ರ ಜುಲೈ 5, ಸೋಮವಾರ, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನ ಕೊರಿಂಥಿಯನ್ ಹಾಲಿನಲ್ಲಿ. ಕರೆದವರು ಅಲ್ಲಿನ ಗುಲಾಮಗಿರಿ ವಿರೋಧಿ ಮಹಿಳಾ ಸಂಘದವರು. ಹನ್ನೆರಡೂವರೆ ಸೆಂಟ್ ತೆತ್ತು ಬಂದಿದ್ದ ಐನೂರು ಆರುನೂರು ಕೇಳುಗರಲ್ಲಿ ಬಹುಪಾಲು ಬಿಳಿಯರು.

ಒಂದು ದಿನದ ಹೆಚ್ಚುಕಡಿಮೆಗೆ ಇಷ್ಟು ತಕರಾರೇಕೆ? ಆ ವರ್ಷ 4 ಭಾನುವಾರ ಬಿದ್ದಿತ್ತು, ಸಭೆ ಮರುದಿನಕ್ಕೆ ಹೋಯಿತು ಎಂಬುದು ಸರಳ ಉತ್ತರ, ನಿಜವೂ ಹೌದು. ಆದರೆ ನ್ಯೂಯಾರ್ಕಿನ ಕಪ್ಪು ಜನಕ್ಕೂ 5ಕ್ಕೂ ಇದ್ದ ನಂಟು ಇದಕ್ಕಿಂತ ಹಳೆಯದು. ಆ ರಾಜ್ಯದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1827ರ ಜುಲೈ 4ರಂದು. ಅದೇ ರಾಜ್ಯದ ಆಲ್ಬನಿಯಲ್ಲಿ ಪಾದ್ರಿ ನಥಾನಿಯಲ್ ಪಾಲ್ ಅದರ ಸಂಭ್ರಮದ ಭಾಷಣ ಮಾಡಿದ್ದು 5ರಂದು. 4ರ ದಿನ ಬೀದಿಗಿಳಿದರೆ ಬಿಳಿಯರ ಪುಂಡಾಟಕ್ಕೆ ಸಿಗುವ ಭಯವಿತ್ತು. ಆ ದಿನ ತಮ್ಮದಲ್ಲವೆಂಬ ಮುನಿಸೂ ಇತ್ತು.

ತಾರೀಖು ಹೇಳಿದ್ದನ್ನೇ ಭಾಷಣದ ಸರ್ವನಾಮವೂ ಹೇಳುತ್ತದೆ. ಸಭಿಕರನ್ನು ಸಹನಾಗರಿಕರೆಂದು ಕರೆಯುತ್ತಲೇ ಡಗ್ಲಸ್ 1776ರಲ್ಲಿ ಸ್ವಾತಂತ್ರ್ಯ ಸಾರಿದ ಹಿರಿಯರನ್ನು 'ನಿಮ್ಮ' ಹಿರಿಯರು ಎನ್ನುತ್ತಾರೆ. ಒಬ್ಬರೇ ಇದ್ದಾಗಲೂ 'ನಮ್ಮಪ್ಪ', 'ನಮ್ಮೂರು' ಎನ್ನುವ ಕನ್ನಡದ ಕಿವಿಗೆ ಈ 'ನಿಮ್ಮ' ಇನ್ನಷ್ಟು ಚುಚ್ಚುತ್ತದೆ. (ಅನುವಾದಕರು ಇದನ್ನು ನಯಗೊಳಿಸಿ 'ನಮ್ಮ' ಎಂದರೆ ಭಾಷಣವೇ ಕೆಟ್ಟಿತು.)

ಹಾಗೆನ್ನಲು ಕಾರಣ ಕಾನೂನಿನಲ್ಲೇ ಇತ್ತು. 1838ರಲ್ಲಿ ಮೇರಿಲ್ಯಾಂಡಿನ ಗುಲಾಮಗಿರಿಯಿಂದ ತಪ್ಪಿಸಿಕೊಂಡಿದ್ದ ಡಗ್ಲಸ್‌ರನ್ನು 1846ರಲ್ಲಿ ಬ್ರಿಟನ್ನಿನ ಗೆಳೆಯರು ಹಣ ಕೊಟ್ಟು ಬಿಡಿಸದೆ ಹೋಗಿದ್ದರೆ, 1850ರ ಪಲಾಯಿತ ಗುಲಾಮರ ಕಾಯಿದೆಯಡಿ ಅವರನ್ನು ಆ ವೇದಿಕೆಯಿಂದಲೇ ಹಿಡಿದೊಯ್ಯಬಹುದಿತ್ತು. ಸಿಕ್ಕಿಬಿದ್ದವನು ತನ್ನ ಪರವಾಗಿ ಸಾಕ್ಷಿ ನುಡಿಯುವಂತಿರಲಿಲ್ಲ, ಜ್ಯೂರಿಯೂ ಇಲ್ಲ. ಅವನನ್ನು ಒಡೆಯನಿಗೆ ಒಪ್ಪಿಸಿದರೆ ಪ್ರಕರಣ ತೀರ್ಮಾನಿಸುವ ಆಯುಕ್ತನಿಗೆ 10 ಡಾಲರ್ ಫೀಸು, ಬಿಟ್ಟರೆ 5. ಕಾಗದಪತ್ರ ಹೆಚ್ಚು ಬರೆಯಬೇಕಲ್ಲ ಎಂಬ ಸಮಜಾಯಿಷಿ ಏನೇ ಇರಲಿ, ಇದಕ್ಕೆ ಲಂಚವೆಂಬುದಲ್ಲದೆ ಬೇರೆ ಹೆಸರು ನನಗೆ ಹೊಳೆಯದು.

ಹಾಗೆಂದು ಈ ಭಾಷಣವನ್ನು ದೇಶವನ್ನೇ ಕೊಡವಿಕೊಂಡ ಮಾತೆಂದು ಓದುವುದು ತಪ್ಪು. ಸಂವಿಧಾನವೇ ಗುಲಾಮಗಿರಿಯ ಪರ ಎಂಬುದು ಡಗ್ಲಸ್‌ರಿಗೆ ಮೊದಲು ಗುರುವಿನಂತಿದ್ದ ವಿಲಿಯಂ ಲಾಯ್ಡ್ ಗ್ಯಾರಿಸನ್‌ರ ವಾದ. 1854ರ ಜುಲೈ 4ರಂದು ಗ್ಯಾರಿಸನ್ ಸಂವಿಧಾನದ ಪ್ರತಿಯನ್ನೇ ಸುಟ್ಟರು. ಡಗ್ಲಸ್ 1851ರಲ್ಲೇ ಆ ವಾದ ಬಿಟ್ಟಿದ್ದರು. ಭಾಷಣದ ಕೊನೆಯಲ್ಲಿ ಸಂವಿಧಾನವನ್ನು ಸ್ವಾತಂತ್ರ್ಯದ ದಾಖಲೆಯೆಂದು ಎತ್ತಿಹಿಡಿಯುತ್ತಾರೆ. ಹಬ್ಬ ನಿಮ್ಮದು, ಸಂವಿಧಾನ ಮಾತ್ರ ನನ್ನದೂ ಹೌದು ಎಂಬ ಪಟ್ಟು ಅದು.

ಬೈಸಿಕೊಂಡ ಸಭಿಕರು ಅಲ್ಲೇ 700 ಪ್ರತಿಗಳಿಗೆ ಹೆಸರು ಬರೆಸಿದರು. ಹಾಗೆ ಅಚ್ಚಾದ ಪುಸ್ತಿಕೆಯ ಮುಖಪುಟದಲ್ಲಿ, ಗುಲಾಮನಿಗೆ ಜುಲೈ ನಾಲ್ಕು ಏನು ಎಂಬ ಈಗಿನ ಜನಪ್ರಿಯ ಶೀರ್ಷಿಕೆಯಿಲ್ಲ. ಸಭಾಂಗಣ, ಊರು, ಭಾಷಣಕಾರರ ಹೆಸರು ಮತ್ತು ಜುಲೈ 5 ಎಂಬ ತಾರೀಖು ಇವೆ. ಕನ್ನಡದಲ್ಲಿ ಈ ಭಾಷಣವನ್ನು ಉಲ್ಲೇಖಿಸುವವರು ಆ ತಾರೀಖನ್ನೇ ಬಳಸಬೇಕಾಗಿ ವಿನಂತಿ.