ಕಹಿ ಕಳ್ಳಿ ಮತ್ತು ರಾತ್ರಿಯಿಡೀ ಕೂತ ಜನ

ಅಮೆರಿಕ ಮತ್ತು ಮೆಕ್ಸಿಕೊ ನಡುವೆ ಗಡಿಯಾಗಿ ಹರಿಯುವ ರಿಯೊ ಗ್ರಾಂಡೆ ನದಿಯ ಆಸುಪಾಸಿನ ಒಣ ಕುರುಚಲು ಕಾಡಿನಲ್ಲಿ ಮುಳ್ಳಿಲ್ಲದ ಒಂದು ಗಿಡ್ಡ ಕಳ್ಳಿ ಬೆಳೆಯುತ್ತದೆ. ಅದರ ಹೆಸರು ಪೆಯೋಟಿ. ನೆಲದ ಮೇಲೆ ಕಾಣುವುದು ಬೂದುಹಸಿರು ಬಣ್ಣದ ಪುಟ್ಟ ತಲೆ ಮಾತ್ರ. ಉಳಿದದ್ದು ಗಜ್ಜರಿಯಂಥ ಬೇರಾಗಿ ಮಣ್ಣಿನೊಳಗೆ ಇಳಿದಿರುತ್ತದೆ. ಬೀಜದಿಂದ ಮೊಳೆತ ಗಿಡ ಕೊಯ್ಲಿಗೆ ಬರಲು ಸುಮಾರು ಹತ್ತು ವರ್ಷ ಕಾಯಬೇಕು. ಆ ತಲೆಯನ್ನು ಹಸಿಯಾಗಿಯೋ ಒಣಗಿಸಿಯೋ ತಿಂದರೆ ಮೊದಲು ಸಹಿಸಲಾರದ ಕಹಿ, ಆಮೇಲೆ ಹೊಟ್ಟೆ ತೊಳಸುವ ಸಂಕಟ, ಅದರಾಚೆಗೆ ಬೆಳಗಾಗುವವರೆಗೂ ಇಳಿಯದ ಮನಸ್ಸಿನ ಬೇರೆಯೇ ಒಂದು ಸ್ಥಿತಿ. ಟೆಕ್ಸಾಸ್‌ನ ಶುಮ್ಲಾ ಗುಹೆಗಳಲ್ಲಿ ಸಿಕ್ಕ ಪೆಯೋಟಿಯ ತುಣುಕುಗಳು ಐದೂವರೆ ಸಾವಿರ ವರ್ಷಕ್ಕೂ ಹಳೆಯವು. 1620ರಲ್ಲಿ ಮೆಕ್ಸಿಕೊದ ಕ್ಯಾಥೊಲಿಕ್ ಧರ್ಮ ವಿಚಾರಣಾ ಮಂಡಳಿ ಇದರ ಬಳಕೆಯನ್ನು ನಿಷೇಧಿಸಿ ಆಜ್ಞೆ ಹೊರಡಿಸಿತ್ತೆಂದರೆ, ಸ್ಪೇನಿನವರು ಬಂದು ನೂರು ವರ್ಷ ಕಳೆದರೂ ಜನ ಇದನ್ನು ಬಿಟ್ಟಿರಲಿಲ್ಲ ಎಂದೇ ಅರ್ಥ. ಈಚೆಗೆ ಖಿನ್ನತೆಗೆ, ಕುಡಿತದ ಚಟಕ್ಕೆ, ಯುದ್ಧದಿಂದ ಮರಳಿದವರ ಮಾನಸಿಕ ಆಘಾತಕ್ಕೆ ಇಂಥ ಗಿಡಮೂಲಿಕೆಗಳಲ್ಲಿ ಮದ್ದಿದೆಯೇ ಎಂದು ಪ್ರಯೋಗಾಲಯಗಳು ಹುಡುಕತೊಡಗಿವೆ. ಹುಡುಕಲಿ. ಆದರೆ ಪೆಯೋಟಿಯ ಕಳೆದ ನೂರೈವತ್ತು ವರ್ಷಗಳ ಇತಿಹಾಸವನ್ನು ಸಾವಧಾನವಾಗಿ ಓದಿದರೆ ನನಗೆ ತೋರುವುದು ಇದು: ಗುಣಪಡಿಸಿದ್ದು ಕಳ್ಳಿಯೊಂದೇ ಅಲ್ಲ, ಎಲ್ಲವನ್ನೂ ಕಳೆದುಕೊಂಡ ಜನ ಆ ಕಳ್ಳಿಯ ಸುತ್ತ ಕಟ್ಟಿಕೊಂಡ ಕೂಟ.

ಅವರು ಕಳೆದುಕೊಂಡದ್ದು ಎಷ್ಟು ಎಂಬುದನ್ನು ಮೊದಲು ನೆನೆಯಬೇಕು. ದಕ್ಷಿಣದ ಬಯಲುಸೀಮೆಯ ಕೊಮಾಂಚಿ ಮತ್ತು ಕಯೋವಾ ಜನ 1867ರ ಮೆಡಿಸಿನ್ ಲಾಡ್ಜ್ ಒಪ್ಪಂದದ ಮೂಲಕ ಇಂದಿನ ಒಕ್ಲಹೋಮದ ನೈಋತ್ಯ ಭಾಗದ ಮೀಸಲು ಪ್ರದೇಶಕ್ಕೆ ಸೀಮಿತರಾದರು. ಒಪ್ಪದೆ ಹೋರಾಡಿದ ಕೊಮಾಂಚಿಗಳ ಕೊನೆಯ ತಂಡ ಕ್ವಾನಾ ಪಾರ್ಕರ್‌ನ ಮುಂದಾಳ್ತನದಲ್ಲಿ 1875ರಲ್ಲಿ ಫೋರ್ಟ್ ಸಿಲ್‌ನಲ್ಲಿ ಶರಣಾಯಿತು. ಅದೇ ದಶಕ ಮುಗಿಯುವಷ್ಟರಲ್ಲಿ ಅವರ ಅನ್ನ, ಬಟ್ಟೆ, ಸೂರು ಎಲ್ಲವೂ ಆಗಿದ್ದ ಕಾಡೆಮ್ಮೆಯ ದಕ್ಷಿಣದ ಹಿಂಡುಗಳನ್ನು ಚರ್ಮದ ವ್ಯಾಪಾರಿಗಳು ಮುಗಿಸಿಬಿಟ್ಟಿದ್ದರು. 1883ರ ಸರ್ಕಾರಿ ನಿಯಮಾವಳಿ ಅವರ ಕುಣಿತಗಳನ್ನೂ ಮದ್ದು ಕೊಡುವವರ ಆಚರಣೆಗಳನ್ನೂ ಅಪರಾಧವೆಂದು ಸಾರಿತು. 1887ರ ಡಾಸ್ ಕಾಯ್ದೆ ಊರೊಟ್ಟಿನ ನೆಲವನ್ನು ತುಂಡು ಮಾಡಿ ತಲೆಗಿಷ್ಟು ಎಂದು ಹಂಚಿ, ಮಿಕ್ಕದ್ದನ್ನು ಬಿಳಿಯರಿಗೆ ಬಿಟ್ಟುಕೊಡಲು ದಾರಿ ಮಾಡಿತು. ಮಕ್ಕಳು ವಸತಿ ಶಾಲೆಗಳಿಗೆ ಹೋದರು. ಅಲ್ಲಿ ಅವರ ತಲೆಗೂದಲು ಕತ್ತರಿಸಲಾಯಿತು, ತಾಯ್ನುಡಿ ಆಡಿದರೆ ಶಿಕ್ಷೆಯಿತ್ತು. ಸತ್ತವರು ಮರಳುತ್ತಾರೆ, ಕಾಡೆಮ್ಮೆಗಳು ಮರಳುತ್ತವೆ ಎಂಬ ಭರವಸೆ ಹೊತ್ತ ಪ್ರೇತನೃತ್ಯದ ಚಳವಳಿ 1890ರ ಡಿಸೆಂಬರ್‌ನಲ್ಲಿ ವೂಂಡೆಡ್ ನೀ ಹತ್ಯಾಕಾಂಡದಲ್ಲಿ ರಕ್ತದ ಮಡುವಿಗೆ ಬಿತ್ತು. ಈ ನಡುವೆ ಮೀಸಲು ಪ್ರದೇಶದ ಹೊರಗಿನಿಂದ ಬರುತ್ತಿದ್ದ ವಿಸ್ಕಿ ಮನೆಮನೆಯನ್ನೂ ಹೊಕ್ಕಿತ್ತು. ಇಂಥ ಕಾಲದಲ್ಲಿ, ಲಿಪಾನ್ ಅಪಾಚಿಗಳಂಥ ದಕ್ಷಿಣದ ನೆರೆಯವರಿಂದ ಕಲಿತ ಪೆಯೋಟಿಯ ಆಚರಣೆ ಹೊಸ ರೂಪ ತಾಳಿ ಮೀಸಲು ಪ್ರದೇಶಗಳಲ್ಲಿ ಹಬ್ಬತೊಡಗಿತು. ಕ್ವಾನಾ ಪಾರ್ಕರ್ ತಾನೇ ಟೆಕ್ಸಾಸ್‌ನಲ್ಲಿ ಕಾಯಿಲೆ ಬಿದ್ದಾಗ ಪೆಯೋಟಿಯಿಂದ ಗುಣ ಹೊಂದಿದನೆಂದೂ ಅಂದಿನಿಂದ ಅದರ ದೊಡ್ಡ ಪ್ರಚಾರಕನಾದನೆಂದೂ ಹೇಳುತ್ತಾರೆ. ವಿಚಿತ್ರವೆಂದರೆ, ಬುಡಕಟ್ಟುಗಳನ್ನು ಅಳಿಸಲೆಂದು ತೆರೆದ ಶಾಲೆಗಳೇ ಇದರ ಹರಡುವಿಕೆಗೆ ನೆರವಾದವು. ಬೇರೆ ಬೇರೆ ನುಡಿಯ ಮಕ್ಕಳು ಅಲ್ಲಿ ಪರಸ್ಪರ ಪರಿಚಯವಾದರು, ಇಂಗ್ಲಿಷ್ ಅವರಿಗೆ ನಡುವಣ ಭಾಷೆಯಾಯಿತು, ಅಂಚೆ ಮತ್ತು ರೈಲು ಒಣಗಿದ ಪೆಯೋಟಿಯನ್ನು ಉತ್ತರಕ್ಕೆ ಸಾಗಿಸಿದವು.

ಆ ಕೂಟ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ನನ್ನ ವಾದವೆಲ್ಲ ನಿಂತಿರುವುದು ಅದರ ವಿವರಗಳ ಮೇಲೆ. ಒಂದು ಮನೆಯವರು ಯಾವುದೋ ಕಾರಣಕ್ಕೆ ಕೂಟ ಕರೆಯುತ್ತಾರೆ: ಮಗುವಿಗೆ ಕಾಯಿಲೆ, ಮಗ ಸೈನ್ಯಕ್ಕೆ ಹೊರಟಿದ್ದಾನೆ, ಕುಡಿತ ಬಿಡಬೇಕೆಂದಿರುವ ಅಣ್ಣನಿದ್ದಾನೆ. ಸೂರ್ಯ ಮುಳುಗಿದ ಮೇಲೆ ಪೂರ್ವಕ್ಕೆ ಬಾಗಿಲಿರುವ ಟೀಪಿ ಗುಡಾರದೊಳಗೆ ಎಲ್ಲರೂ ದುಂಡಗೆ ನೆಲದ ಮೇಲೆ ಕೂರುತ್ತಾರೆ. ಮಧ್ಯದಲ್ಲಿ ಮಣ್ಣಿನಿಂದ ಮಾಡಿದ ಅರ್ಧಚಂದ್ರದ ದಿಬ್ಬ. ಅದರ ಬೆನ್ನಗುಂಟ ಎಳೆದ ಸಣ್ಣ ಗೆರೆಯೇ ಪೆಯೋಟಿಯ ಹಾದಿ. ಬದುಕಿಡೀ ನಡೆಯಬೇಕಾದ ದಾರಿ ಅದು. ಅದರ ನಡುವೆ ಒಂದು ದೊಡ್ಡ ಪೆಯೋಟಿಯನ್ನು ಇಡುತ್ತಾರೆ. ಕೂಟ ನಡೆಸುವವನನ್ನು ರೋಡ್‌ಮನ್ ಎನ್ನುತ್ತಾರೆ, ಹಾದಿ ತೋರುವವನು. ಅವನ ಜೊತೆಗೆ ಚರ್ಮವಾದ್ಯ ಬಾರಿಸುವವನು, ದೇವದಾರು ಸೊಪ್ಪಿನ ಧೂಪ ಹಾಕುವವನು, ರಾತ್ರಿಯಿಡೀ ಬೆಂಕಿ ನೋಡಿಕೊಳ್ಳುವವನು ಇರುತ್ತಾರೆ. ವಾದ್ಯವೆಂದರೆ ಕಬ್ಬಿಣದ ಒಂದು ಪುಟ್ಟ ಕಡಾಯಿ. ಅದಕ್ಕೆ ಅರ್ಧ ನೀರು ತುಂಬಿ, ಒಂದಷ್ಟು ಕೆಂಡ ಹಾಕಿ, ನೆನೆಸಿದ ಜಿಂಕೆಚರ್ಮ ಮುಚ್ಚಿ, ಚರ್ಮದಡಿ ಏಳು ಗುಂಡುಕಲ್ಲುಗಳನ್ನು ಇಟ್ಟು ಅವುಗಳ ಸುತ್ತ ಹಗ್ಗ ಬಿಗಿಯುತ್ತಾರೆ. ಬಾರಿಸುವಾಗ ಕಡಾಯಿಯನ್ನು ಓರೆ ಮಾಡಿ ಚರ್ಮವನ್ನು ತೇವವಾಗಿಡುತ್ತಾರೆ. ನೀರು ಒಳಗೆ ಅಲುಗಿದಂತೆ ದನಿಯೂ ಏರಿಳಿಯುತ್ತದೆ. ಪೆಯೋಟಿ ಕೈಯಿಂದ ಕೈಗೆ ಸಾಗುತ್ತದೆ. ಸೋರೆಬುರುಡೆಯ ಗಿಲಕಿ, ಹದ್ದಿನ ಗರಿ, ಕೋಲು ಒಬ್ಬರಿಂದ ಒಬ್ಬರಿಗೆ ಬಲಸುತ್ತಾಗಿ ಬರುತ್ತವೆ. ಸರದಿ ಬಂದವರು ನಾಲ್ಕು ಹಾಡು ಹಾಡಬೇಕು. ನಡುರಾತ್ರಿ ಒಮ್ಮೆ ನೀರು. ಬೆಳಗಾಗುವ ಹೊತ್ತಿಗೆ ಮನೆಯ ಹೆಣ್ಣುಮಗಳೊಬ್ಬಳು ನೀರು ತಂದು ಪ್ರಾರ್ಥಿಸುತ್ತಾಳೆ. ಆಮೇಲೆ ಮೆಕ್ಕೆಜೋಳ, ಹಣ್ಣು, ಮಾಂಸ. ಈ ಹನ್ನೆರಡು ತಾಸಿನಲ್ಲಿ ಯಾರೂ ಸುಮ್ಮನೆ ಎದ್ದು ಹೋಗುವಂತಿಲ್ಲ, ಕಾಲು ಚಾಚಿ ಮಲಗುವಂತಿಲ್ಲ. ವಾಂತಿಯಾದರೆ ನಾಚಿಕೆಯಿಲ್ಲ, ಒಳಗಿನ ಕೊಳೆ ಹೋಯಿತೆಂದೇ ಲೆಕ್ಕ. ಕೂಟ ಯಾರಿಗಾಗಿ ಕರೆದದ್ದೋ ಆ ಮನುಷ್ಯ ತನ್ನ ತಪ್ಪನ್ನು ತಂದೆತಾಯಿ, ಹೆಂಡತಿ, ನೆಂಟರ ಎದುರೇ ಹೇಳಿಕೊಳ್ಳುತ್ತಾನೆ. ಅಳುತ್ತಾನೆ. ಆ ಅಳುವಿನ ಜೊತೆ ಇಡೀ ಗುಡಾರ ಪ್ರಾರ್ಥಿಸುತ್ತದೆ.

ಈಗ ಅದೇ ವಸ್ತು ಗುಡಾರದ ಹೊರಗೆ ಏನು ಮಾಡಿತು ಎಂದು ನೋಡೋಣ. ಜರ್ಮನಿಯ ಆರ್ಥರ್ ಹೆಫ್ಟರ್ ಪೆಯೋಟಿಯ ಸತ್ವಗಳನ್ನು ಬೇರ್ಪಡಿಸಿ, ಒಂದೊಂದನ್ನೂ ತಾನೇ ಸೇವಿಸಿ, 1897ರಲ್ಲಿ ಮೆಸ್ಕಲಿನ್ ಎಂಬುದೇ ಮುಖ್ಯ ಸತ್ವವೆಂದು ತೋರಿಸಿದ. 1919ರಲ್ಲಿ ವಿಯೆನ್ನಾದ ಅರ್ನ್ಸ್ಟ್ ಶ್ಪೇಟ್ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದ. ಅಮೆರಿಕದ ಹೆಸರಾಂತ ನರರೋಗ ವೈದ್ಯ ವೇರ್ ಮಿಚೆಲ್ ಮತ್ತು ಇಂಗ್ಲೆಂಡಿನ ಹ್ಯಾವ್‌ಲಾಕ್ ಎಲಿಸ್ 1890ರ ದಶಕದಲ್ಲಿ ಕಳ್ಳಿಯನ್ನೇ ಸೇವಿಸಿ ಬರೆದರು. ಇಬ್ಬರೂ ಕಂಡದ್ದು ಬಣ್ಣ, ಹೊಳಪು, ರತ್ನಖಚಿತ ದೃಶ್ಯಗಳು. 1953ರಲ್ಲಿ ಮೆಸ್ಕಲಿನ್ ತೆಗೆದುಕೊಂಡ ಲೇಖಕ ಆಲ್ಡಸ್ ಹಕ್ಸ್‌ಲಿ ಇನ್ನೂ ಸೂಕ್ಷ್ಮವಾಗಿ ಬರೆದ. ಅವನ ಪುಸ್ತಕ ಒಂದು ಪೀಳಿಗೆಯನ್ನೇ ಆಕರ್ಷಿಸಿತು. ಆದರೆ ಇವರಲ್ಲಿ ಯಾರ ಬರಹವನ್ನು ತೆಗೆದರೂ ಅದು ನೋಟದ ಕಥೆ. ಹೊಚಂಕ್ ಬುಡಕಟ್ಟಿಗೆ ಪೆಯೋಟಿ ತಂದ ಜಾನ್ ರೇವ್ ಮಾನವಶಾಸ್ತ್ರಜ್ಞ ಪಾಲ್ ರೇಡಿನ್‌ಗೆ ಹೇಳಿದ ಕಥೆಯೇ ಬೇರೆ: ಮೊದಲು ಭಯಾನಕ ಹಾವು ಕಂಡು ಹೆದರಿದ್ದು, ತನ್ನ ಪಾಪವನ್ನು ನೆನೆದದ್ದು, ಆಮೇಲೆ ಕುಡಿತ ಬಿಟ್ಟು ಮನುಷ್ಯನಾದದ್ದು. ಸತ್ವ ಒಂದೇ, ಫಲ ಎರಡು. ಹಕ್ಸ್‌ಲಿಗೆ ಮೆಸ್ಕಲಿನ್ ಕೊಟ್ಟ ಮನೋವೈದ್ಯ ಹಂಫ್ರಿ ಆಸ್ಮಂಡ್ 1956ರಲ್ಲಿ ಕೆನಡಾದ ಸಸ್ಕಾಚುವನ್ ಪ್ರಾಂತ್ಯದಲ್ಲಿ ಒಂದು ಪೆಯೋಟಿ ಕೂಟದಲ್ಲಿ ರಾತ್ರಿಯಿಡೀ ಕೂತಿದ್ದ. ಆ ಹೊತ್ತಿಗೆ ಅವನೂ ಅವನ ಸಂಗಡಿಗರೂ ಕುಡುಕರಿಗೆ ಎಲ್‌ಎಸ್‌ಡಿ ಕೊಟ್ಟು ಚಿಕಿತ್ಸೆ ಮಾಡುತ್ತಿದ್ದರು. ತಾವು ಆಸ್ಪತ್ರೆಯ ಕೋಣೆಯಲ್ಲಿ ಹುಡುಕುತ್ತಿದ್ದುದನ್ನು ಮೂಲನಿವಾಸಿಗಳು ಗುಡಾರದಲ್ಲಿ ಆಗಲೇ ಮಾಡುತ್ತಿದ್ದುದು ಅವರ ಕಣ್ಣೆದುರಿಗಿತ್ತು.

ಗುಣವಾಯಿತು ಎಂಬುದಕ್ಕೆ ಆಧಾರವೇನು ಎಂದು ಕೇಳುವವರಿಗೆ ಉತ್ತರ ಕೊಡಲೇಬೇಕು. ನವಾಹೊ ಮೀಸಲು ಪ್ರದೇಶದಲ್ಲಿ ಸರ್ಕಾರಿ ಆರೋಗ್ಯ ಸೇವೆಯ ಮನೋವೈದ್ಯನಾಗಿದ್ದ ರಾಬರ್ಟ್ ಬರ್ಗ್‌ಮನ್ 1971ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸುಮಾರು 70,000 ಸೇವನೆಗೆ ಒಂದರಂತೆ ಮಾತ್ರ ಕೆಟ್ಟ ಪರಿಣಾಮ ಕಾಣುತ್ತದೆಂದು ಅಂದಾಜು ಮಾಡಿದ. ಜಾನ್ ಹ್ಯಾಲ್ಪರ್ನ್ ಮತ್ತು ಸಂಗಡಿಗರು 2005ರಲ್ಲಿ ನವಾಹೊ ಜನರ ಮೂರು ಗುಂಪುಗಳನ್ನು ಹೋಲಿಸಿದರು: ಕೂಟಗಳಲ್ಲಿ ನಿಯಮಿತವಾಗಿ ಪೆಯೋಟಿ ಸೇವಿಸಿದ 61 ಮಂದಿ, ಹಿಂದೆ ಕುಡಿತಕ್ಕೆ ಸಿಕ್ಕಿ ಹೊರಬಂದ 36 ಮಂದಿ, ಎರಡನ್ನೂ ಹೆಚ್ಚಾಗಿ ಮುಟ್ಟದ 79 ಮಂದಿ. ಪೆಯೋಟಿ ಗುಂಪಿನವರ ನೆನಪು, ಗಮನ, ಮನಸ್ಸಿನ ಆರೋಗ್ಯದಲ್ಲಿ ಊನ ಕಾಣಲಿಲ್ಲ. ಕುಡಿತದ ಗುಂಪಿನಲ್ಲಿ ಕಂಡಿತು. ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಪೆಯೋಟಿ ಕೂಟದ ಧರ್ಮ ಕುಡಿತವನ್ನು ಬಿಡಬೇಕೆಂದು ಬೋಧಿಸುತ್ತದೆ. ಹಾಗಾಗಿ ಬಿಡಲಾಗದವರು ಕೂಟದಿಂದ ಜಾರಿಹೋಗಿರಬಹುದು, ಗಟ್ಟಿಗರು ಮಾತ್ರ ಉಳಿದು ಲೆಕ್ಕಕ್ಕೆ ಸಿಕ್ಕಿರಬಹುದು. ಈ ಆಕ್ಷೇಪ ಸರಿಯಾದದ್ದೇ. ಪೆಯೋಟಿ ಇಷ್ಟು ಶೇಕಡಾ ಜನರನ್ನು ಗುಣಪಡಿಸುತ್ತದೆ ಎಂದು ಈ ಅಧ್ಯಯನಗಳಿಂದ ಹೇಳಲಾಗದು. ಆದರೆ ಆ ಆಕ್ಷೇಪವೇ ನನ್ನ ವಾದಕ್ಕೆ ಒದಗುತ್ತದೆ. ನೆಂಟರಿಷ್ಟರ ಕಣ್ಣೆದುರು ಆಣೆಯಿಟ್ಟವನು ಮರುದಿನ ಅದೇ ಊರಿನಲ್ಲಿ ಅವರ ನಡುವೆಯೇ ಬದುಕಬೇಕು. ಮುಂದಿನ ತಿಂಗಳು ಮತ್ತೊಬ್ಬರಿಗಾಗಿ ಅದೇ ನೆಲದಲ್ಲಿ ಕೂರಬೇಕು. ಇಂಥ ಒತ್ತಾಸೆ ಮತ್ತು ಇಂಥ ಒತ್ತಾಯವನ್ನು ಮದ್ದಿನಿಂದ ಬೇರ್ಪಡಿಸಿ ಅಳೆಯಲು ಸಾಧ್ಯವಾಗದಿದ್ದರೆ, ಅವೆರಡೂ ಮದ್ದಿನ ಭಾಗವೇ ಆಗಿವೆ.

ಇನ್ನೊಂದು ವಿರೋಧ ಮೂಲನಿವಾಸಿಗಳ ಒಳಗಿನಿಂದಲೇ ಬಂದದ್ದು. ಅದನ್ನು ಬಿಳಿಯರ ಪೂರ್ವಗ್ರಹವೆಂದು ತಳ್ಳಿಹಾಕಲಾಗದು. 1918ರಲ್ಲಿ ಪೆಯೋಟಿ ನಿಷೇಧದ ಮಸೂದೆ ಅಮೆರಿಕದ ಸಂಸತ್ತಿನ ಮುಂದೆ ಬಂದಾಗ, ಯಾಂಕ್ಟನ್ ಡಕೋಟಾ ಲೇಖಕಿ ಗರ್ಟ್ರೂಡ್ ಬೊನಿನ್ ನಿಷೇಧದ ಪರವಾಗಿ ಸಾಕ್ಷ್ಯ ನುಡಿದರು. ತನ್ನ ಜನರ ಹಕ್ಕಿಗಾಗಿ ಜೀವಮಾನವಿಡೀ ದುಡಿದ ಹೆಣ್ಣು ಅವರು. ವಿಸ್ಕಿಯ ಜಾಗದಲ್ಲಿ ಇನ್ನೊಂದು ಅಮಲು ಬಂದು ಕೂರುತ್ತದೆಂಬ ಅವರ ಭಯ ಪ್ರಾಮಾಣಿಕವಾದದ್ದು. ನವಾಹೊ ಬುಡಕಟ್ಟಿನ ಮಂಡಳಿಯೂ 1940ರಲ್ಲಿ ಪೆಯೋಟಿಯನ್ನು ನಿಷೇಧಿಸಿ, 1967ರವರೆಗೂ ಆ ನಿಷೇಧವನ್ನು ಉಳಿಸಿಕೊಂಡಿತ್ತು. ನನ್ನ ಮಟ್ಟಿಗೆ ಅವರ ಭಯಕ್ಕೆ ಉತ್ತರ ಕೊಟ್ಟದ್ದು ಕಾಲ. ಪೆಯೋಟಿ ದಿನನಿತ್ಯದ ಚಟವಾಗಲಿಲ್ಲ. ಅಷ್ಟು ಕಹಿಯಾದ, ಅಷ್ಟು ಸಂಕಟ ಕೊಡುವ, ರಾತ್ರಿಯಿಡೀ ಬೆನ್ನು ನೆಟ್ಟಗೆ ಕೂರಿಸುವ ವಸ್ತುವನ್ನು ಮೋಜಿಗೆ ತಿನ್ನುವವರು ಕಡಿಮೆ. ಕೂಟದ ಖರ್ಚು ಹೊತ್ತ ಮನೆಯವರು ಅದನ್ನು ಅಪರೂಪವಾಗಿಯೇ ಕರೆಯಬಲ್ಲರು. 1918ರ ಆ ವಿಚಾರಣೆಯಲ್ಲಿ ಪೆಯೋಟಿಯ ಪರ ಮಾತಾಡಿದವನು ಸ್ಮಿತ್ಸೋನಿಯನ್ ಸಂಸ್ಥೆಯ ಜೇಮ್ಸ್ ಮೂನಿ. ಕಯೋವಾಗಳ ನಡುವೆ ವರ್ಷಗಟ್ಟಲೆ ಬದುಕಿ ಕೂಟಗಳಲ್ಲಿ ಕೂತವನು. ಮಸೂದೆ ಕೆಳಮನೆಯಲ್ಲಿ ಗೆದ್ದು ಮೇಲ್ಮನೆಯಲ್ಲಿ ಬಿತ್ತು. ಅದೇ ವರ್ಷ ಅಕ್ಟೋಬರ್ 10ರಂದು ಒಕ್ಲಹೋಮದ ಎಲ್ ರೀನೊದಲ್ಲಿ ನೇಟಿವ್ ಅಮೆರಿಕನ್ ಚರ್ಚ್ ಎಂಬ ಹೆಸರಿನಲ್ಲಿ ಕೂಟದವರು ಕಾನೂನಿನ ಪ್ರಕಾರ ನೋಂದಾಯಿಸಿಕೊಂಡರು. ಸಂವಿಧಾನ ಧರ್ಮಕ್ಕೆ ಕೊಟ್ಟ ರಕ್ಷಣೆಯನ್ನು ಪಡೆಯಲು ಅವರಿಗೆ ತೋಚಿದ ದಾರಿ ಅದು. ಮೂನಿ ಮತ್ತೆ ಕಯೋವಾ ನಾಡಿಗೆ ಕಾಲಿಡದಂತೆ ಅಧಿಕಾರಿಗಳು ನೋಡಿಕೊಂಡರು.

ಇಷ್ಟು ಹೊಸದನ್ನು ಪರಂಪರೆ ಎನ್ನಬಹುದೇ ಎಂದು ಕೆಲವರು ಕೇಳುತ್ತಾರೆ. ಗಿಡದ ಬಳಕೆ ಪ್ರಾಚೀನ, ಕೂಟದ ಈ ರೂಪ ಹತ್ತೊಂಬತ್ತನೆಯ ಶತಮಾನದ ಕೊನೆಯದು. ಕ್ರೈಸ್ತ ಪ್ರಾರ್ಥನೆಯ ಅಂಶಗಳೂ ಅದರಲ್ಲಿ ಬೆರೆತಿವೆ. ನಿಜವೇ. ಆದರೆ ಹೊಸ ಗಾಯಕ್ಕೆ ಹೊಸದಾಗಿ ಕಟ್ಟಿದ ಪಟ್ಟಿಯನ್ನು ಅದರ ವಯಸ್ಸಿನಿಂದ ಅಳೆಯುವುದು ಸಲ್ಲದು.

1990ರ ಒಂದು ತೀರ್ಪು ಈ ಇತಿಹಾಸದ ಅತ್ಯಂತ ನೋವಿನ ಅಧ್ಯಾಯ. ಆರೆಗನ್ ರಾಜ್ಯದ ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಸಲಹೆಗಾರರಾಗಿದ್ದ ಕ್ಲಾಮತ್ ಬುಡಕಟ್ಟಿನ ಆಲ್‌ಫ್ರೆಡ್ ಸ್ಮಿತ್ ಮತ್ತು ಅವರ ಸಹೋದ್ಯೋಗಿ ಗೇಲನ್ ಬ್ಲ್ಯಾಕ್ ನೇಟಿವ್ ಅಮೆರಿಕನ್ ಚರ್ಚಿನ ಕೂಟದಲ್ಲಿ ಪೆಯೋಟಿ ಸೇವಿಸಿದ್ದಕ್ಕೆ ಕೆಲಸ ಕಳೆದುಕೊಂಡರು. ನಿರುದ್ಯೋಗ ಭತ್ಯೆಯೂ ಸಿಗಲಿಲ್ಲ. ಸ್ಮಿತ್ ಸ್ವತಃ ಕುಡಿತದಿಂದ ಹೊರಬಂದು ಇತರರನ್ನು ಹೊರತರಲು ದುಡಿಯುತ್ತಿದ್ದವರು. ಸುಪ್ರೀಂ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು. ಆ ತೀರ್ಪಿಗೆ ಎದ್ದ ಪ್ರತಿಭಟನೆಯಲ್ಲಿ ಹಲವು ಧರ್ಮದವರು ಸೇರಿಕೊಂಡರು. 1994ರಲ್ಲಿ ಸಂಸತ್ತು ಕಾಯ್ದೆ ತಿದ್ದಿ, ಮೂಲನಿವಾಸಿಗಳು ತಮ್ಮ ಆಚರಣೆಯಲ್ಲಿ ಪೆಯೋಟಿ ಬಳಸುವುದನ್ನು ದೇಶದಾದ್ಯಂತ ಮಾನ್ಯ ಮಾಡಿತು.

ಕಾನೂನು ಕೊಟ್ಟದ್ದನ್ನು ಈಗ ನೆಲ ಕಸಿದುಕೊಳ್ಳುತ್ತಿದೆ. ದಕ್ಷಿಣ ಟೆಕ್ಸಾಸ್‌ನ ಕುರುಚಲು ಕಾಡನ್ನು ದನದ ಹುಲ್ಲಿಗಾಗಿ ಬೇರುಸಹಿತ ಉಳುತ್ತಾರೆ. ಗಾಳಿಯಂತ್ರ, ತೈಲಬಾವಿಗಳು ಬರುತ್ತವೆ. ಕಳ್ಳರು ಬೇಲಿ ಹಾರಿ ಕೊಯ್ಯುತ್ತಾರೆ. ಪೆಯೋಟಿ ಮಾರಲು ಸರ್ಕಾರದ ಪರವಾನಗಿ ಪಡೆದವರು ಬೆರಳೆಣಿಕೆಯಷ್ಟೇ ಉಳಿದಿದ್ದಾರೆ. ಕೊಯ್ಯುವುದರಲ್ಲೂ ಒಂದು ಮರ್ಯಾದೆಯಿದೆ. ತಲೆ ಮತ್ತು ಬೇರು ಸೇರುವ ಜಾಗದಲ್ಲಿ, ಮಣ್ಣಿನ ಮಟ್ಟಕ್ಕೇ ಅಡ್ಡಲಾಗಿ ಕತ್ತರಿಸಿದರೆ ಬೇರಿನಿಂದ ಹೊಸ ಮೊಳಕೆಗಳು ಒಡೆಯುತ್ತವೆ. ಅವಸರದವನು ಸಲಿಕೆ ಆಳಕ್ಕೆ ಹಾಕಿದರೆ ಗಿಡವೇ ಸಾಯುತ್ತದೆ. 2017ರಲ್ಲಿ ಚರ್ಚಿನವರ ಒಕ್ಕೂಟಗಳು ದಾನಿಗಳ ನೆರವಿನಿಂದ ಪೆಯೋಟಿ ಬೆಳೆಯುವ ಸೀಮೆಯಲ್ಲಿ 605 ಎಕರೆ ನೆಲ ಕೊಂಡು, ಗಿಡವನ್ನು ಉಳಿಸುವ ಮತ್ತು ಸರಿಯಾಗಿ ಕೊಯ್ಯುವುದನ್ನು ಎಳೆಯರಿಗೆ ಕಲಿಸುವ ಕೆಲಸಕ್ಕೆ ಇಳಿದವು. ಇಷ್ಟು ಒಳ್ಳೆಯ ಮದ್ದಾದರೆ ಎಲ್ಲರಿಗೂ ಮುಕ್ತವಾಗಲಿ ಎಂಬ ಕೂಗು ನಗರಗಳಿಂದ ಎದ್ದಾಗ, ಮುಕ್ತಗೊಳಿಸುವ ಸತ್ವಗಳ ಪಟ್ಟಿಯಿಂದ ಪೆಯೋಟಿಯನ್ನು ಬಿಡಿ ಎಂದು ಕೇಳಿಕೊಂಡವರೂ ಇವರೇ. ಈ ಕೋರಿಕೆಯನ್ನು ಸ್ವಾರ್ಥವೆನ್ನುವವರಿದ್ದಾರೆ. ಕೊಯ್ಲಿಗೆ ಬರಲು ಹತ್ತು ವರ್ಷ ಬೇಕಾದ ಬೆಳೆಯನ್ನು ಪ್ರವಾಸಿಗರ ಕುತೂಹಲಕ್ಕೆ ಬಿಟ್ಟರೆ ಕೂಟಗಳೇ ನಿಂತುಹೋಗುತ್ತವೆ. ಮೆಸ್ಕಲಿನ್ ಬೇಕಾದವರಿಗೆ ಅದು ಪ್ರಯೋಗಾಲಯದಲ್ಲಿ ನೂರು ವರ್ಷದಿಂದ ತಯಾರಾಗುತ್ತಿದೆ. 2022ರಲ್ಲಿ ಕೊಲರಾಡೊದ ಮತದಾರರು ಸಹಜ ಮೂಲದ ಇಂಥ ಸತ್ವಗಳ ಮೇಲಿನ ಶಿಕ್ಷೆಯನ್ನು ತೆಗೆದುಹಾಕಿದಾಗ, ಮೆಸ್ಕಲಿನ್ ಪಟ್ಟಿಗೆ ಸೇರಿತು, ಪೆಯೋಟಿಯನ್ನು ಹೆಸರಿಸಿ ಹೊರಗಿಡಲಾಯಿತು.